ಒಂದು ಸಂಶೋಧನೆಗೆ ಇಬ್ಬರು ಮುಖ್ಯಸ್ಥರೇ?

ಪ್ರಶ್ನೆ: ವಿಶ್ವವಿದ್ಯಾಲಯಗಳ ಒಂದೇ ಸಂಶೋಧನಾ ಯೋಜನೆಗೆ ಇಬ್ಬರು ಮುಖ್ಯಸ್ಥರು ಇರುವುದೇಕೆ?
– ಓದುಗರು, ಸಾಣಾಪುರ

ಉತ್ತರ: ಉದಾಹರಣೆ ನಿಮ್ಮೂರಿನ ಹೊಳೆಯಾಚೆಯೇ ಇದೆ. 1980ರ ದಶಕದ ಕೊನೆಯಿಂದ ಹಂಪಿ ಸುತ್ತಲಿನ ಹೊಲ, ಕೆರೆ, ಹಾದಿಗಳನ್ನು ದಾಖಲಿಸಿದ ವಿಜಯನಗರ ಮಹಾನಗರ ಸರ್ವೇಕ್ಷಣೆಯನ್ನು ಪುರಾತತ್ವಜ್ಞರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಜೊತೆಯಾಗಿ ನಡೆಸಿದರು. ಮೊದಲನೆಯವರದು ಮಡಕೆ ಚೂರುಗಳ ಪರಿಣತಿ, ಎರಡನೆಯವರದು ಬೇಸಾಯ, ಕೆರೆ ನೀರಾವರಿಯದು. ಹೀಗೆ ಬೇರೆ ಬೇರೆ ಪರಿಣತಿ ಬೇಕಾದಾಗ ಇಬ್ಬರು ಮುಖ್ಯಸ್ಥರಿರುವುದುಂಟು. ಸರ್ವೇಕ್ಷಣೆಯ ವರದಿಯ 2007ರ ಮೊದಲ ಸಂಪುಟದಲ್ಲೂ ಇಬ್ಬರ ಹೆಸರಿದೆ.

ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಒಬ್ಬರು ಪ್ರಧಾನ ಸಂಶೋಧಕರು, ಉಳಿದವರು ಸಹ-ಸಂಶೋಧಕರು. ಕೆಲಸ ಹಂಚಿಕೊಂಡರೂ ಅನುದಾನದ ಲೆಕ್ಕ, ವರದಿಗೆ ಹಣ ಕೊಟ್ಟ ಸಂಸ್ಥೆ ಮೊದಲು ಕೇಳುವುದು ಪ್ರಧಾನ ಸಂಶೋಧಕರನ್ನೇ. ಆದ್ದರಿಂದ ಯಾರ ಹೊಣೆ ಯಾವುದೆಂದು ಅರ್ಜಿಯಲ್ಲೇ ಬರೆದಿಡುವುದು ಒಳ್ಳೆಯದು.