ಪಾತ್ರಗಳಿಗೊಂದು ಕೆಲಸ ಕೊಡಿ

ಅಮ್ಮ ಧಾರಾವಾಹಿ ನೋಡುತ್ತಿದ್ದದ್ದು ಅರ್ಧ ಕಣ್ಣಲ್ಲಿ. ಉಳಿದರ್ಧ ಮಡಿಲಲ್ಲಿದ್ದ ಬ್ಲೌಸಿನ ಮೇಲೆ. ತಿಪಟೂರಿನ ನಮ್ಮ ಮನೆಯ ಹಜಾರದಲ್ಲಿ ಟಿ.ವಿ. ಎದುರು ಚಾಪೆ ಹಾಸಿಕೊಂಡು, ಹಗಲೆಲ್ಲ ಮಷೀನಿನಲ್ಲಿ ಹೊಲಿದಿಟ್ಟ ಬ್ಲೌಸುಗಳಿಗೆ ಸಂಜೆ ಹೊತ್ತು ಹೆಮ್ಮಿಂಗ್ ಮಾಡಿ ಹುಕ್ ಹಾಕುತ್ತಿದ್ದಳು. ಒಂದು ಧಾರಾವಾಹಿಯಲ್ಲಿ ನಾಯಕಿ ಟೈಲರಿಂಗ್ ಮಾಡಿ ಸಂಸಾರ ತೂಗಿಸುವವಳು. ಅತ್ತೆಯ ಮಾತಿಗೆ ನೊಂದು, ಕಣ್ಣೀರು ಒರೆಸಿಕೊಳ್ಳುತ್ತ ಮಷೀನು ತುಳಿಯುತ್ತಿದ್ದಳು. ನನ್ನ ಕಣ್ಣೂ ಒದ್ದೆಯಾಗಿತ್ತು. ಅಮ್ಮ ಒಮ್ಮೆ ತಲೆಯೆತ್ತಿ ನೋಡಿ, ‘ಸೂಜಿಗೆ ದಾರಾನೇ ಪೋಣಿಸಿಲ್ಲ ಕಣೇ’ ಎಂದು ಮತ್ತೆ ಹೆಮ್ಮಿಂಗಿಗೆ ಬಗ್ಗಿದಳು. ಅವಳ ಪಾಲಿಗೆ ಆ ಧಾರಾವಾಹಿ ಅಲ್ಲಿಗೆ ಮುಗಿಯಿತು.

ನಟಿಯ ಅಭಿನಯದಲ್ಲಿ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಆ ಹೆಣ್ಣಿನ ಕೆಲಸವನ್ನು ಯಾರೂ ನಿಜವೆಂದು ನಂಬದೇ ಇದ್ದದ್ದರಲ್ಲಿ. ಮೂವತ್ತು ವರ್ಷದಿಂದ ಧಾರಾವಾಹಿಗಳನ್ನು ಪ್ರೀತಿಯಿಂದ ನೋಡುತ್ತ ಬಂದ ನನಗೆ ಕೇಳಬೇಕಾದದ್ದು ಇದೊಂದೇ: ಪಾತ್ರಗಳಿಗೊಂದು ಕೆಲಸ ಕೊಡಿ. ಕೊಟ್ಟ ಮೇಲೆ ಆ ಕೆಲಸವನ್ನು ನಮ್ಮ ಕಣ್ಣೆದುರು ಮಾಡಿಸಿ.

ಅಂಚೆಯವನ ಚೀಲದಲ್ಲಿದ್ದ ಕಥೆ

ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದದ್ದು 1986-87ರಲ್ಲಿ. ಆಗುಂಬೆಯ ಬೀದಿ, ದೊಡ್ಡಮನೆಯ ಅಂಗಳ, ಆರ್.ಕೆ. ಲಕ್ಷ್ಮಣ್ ಗೆರೆಗಳು, ಎಲ್. ವೈದ್ಯನಾಥನ್ ಸಂಗೀತ ಎಲ್ಲವೂ ನೆನಪಿನಲ್ಲಿವೆ. ಆದರೆ ಅಲ್ಲಿನ ಮನುಷ್ಯರನ್ನು ನಾವು ಇವತ್ತಿಗೂ ಗುರುತು ಹಿಡಿಯುವುದು ಅವರ ಕಸುಬಿನಿಂದ. ಮರದಡಿ ಕವಡೆ ಹರಡಿ ಕೂರುವ ಜ್ಯೋತಿಷಿ, ಮಿಠಾಯಿ ಅಂಗಡಿಯ ಜಗನ್, ಅಂಚೆಯವ ತಾನಪ್ಪ.

ತಾನಪ್ಪನ ಕಥೆಯನ್ನೇ ನೋಡಿ. ಬೀದಿಯ ಪ್ರತಿ ಮನೆಯ ಸುಖ-ದುಃಖ ಬಲ್ಲ ಅಂಚೆಯವ ಅವನು. ರಾಮಾನುಜಂ ಮಗಳ ಮದುವೆ ಗೊತ್ತಾಗಲು ಅವನದೂ ಒತ್ತಾಸೆಯಿದೆ. ಆ ಮುಹೂರ್ತ ತಪ್ಪಿದರೆ ಸಂಬಂಧವೇ ಕೈಬಿಡುವ ಹಾಗಿದೆ. ಅಷ್ಟರಲ್ಲಿ ಆ ಮನೆಯ ಹಿರಿಯರೊಬ್ಬರ ಕಾಯಿಲೆಯ ಕಾಗದ, ಹಿಂದೆಯೇ ಸಾವಿನ ತಂತಿ. ಎರಡನ್ನೂ ತಾನಪ್ಪ ತನ್ನ ಬಳಿಯೇ ಬಚ್ಚಿಟ್ಟುಕೊಳ್ಳುತ್ತಾನೆ. ಮದುವೆ ಸಾಂಗವಾಗಿ ನಡೆದ ಮೇಲೆ ಒಪ್ಪಿಸಿ, ದೂರು ಕೊಟ್ಟರೆ ನನ್ನ ನೌಕರಿ ಹೋಗುತ್ತದೆ ಎಂದು ತಲೆ ತಗ್ಗಿಸಿ ನಿಲ್ಲುತ್ತಾನೆ. ಇದರಲ್ಲಿ ಖಳನಿಲ್ಲ, ಸಂಚಿಲ್ಲ. ಬಂದ ಕಾಗದವನ್ನು ತಲುಪಿಸುವುದೇ ಧರ್ಮವಾದ ಮನುಷ್ಯನೊಬ್ಬ ಅದನ್ನು ತಲುಪಿಸದೇ ಉಳಿದ ಎನ್ನುವುದರಲ್ಲೇ ಇಡೀ ಕಥೆಯಿದೆ. ಅವನು ಅಂಚೆಯವನಲ್ಲದಿದ್ದರೆ ಕಥೆಯೇ ಇಲ್ಲ.

1998ರಲ್ಲಿ ಚಂದನ ವಾಹಿನಿಯಲ್ಲಿ ಶುರುವಾದ ‘ಮಾಯಾಮೃಗ’ದಲ್ಲೂ ಈ ಗುಣವಿತ್ತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ ಕಟ್ಟಿದ ಆ ಧಾರಾವಾಹಿಗಾಗಿ ಸಂಜೆಯ ಮನೆಗೆಲಸವನ್ನೆಲ್ಲ ಮೊದಲೇ ಮುಗಿಸಿಕೊಳ್ಳುತ್ತಿದ್ದ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ. ಮಧ್ಯಮ ವರ್ಗದ ಮನೆಯ ಕಷ್ಟ ಅಲ್ಲಿ ಸಂಬಳ, ನೌಕರಿ, ಸಾಲದ ರೂಪದಲ್ಲೇ ಬರುತ್ತಿತ್ತು. ಮುಂದೆ ‘ಮುಕ್ತ’ದಲ್ಲಿ ಕಾನೂನು ಓದಿದ ಸೀತಾರಾಮ್ ಅವರೇ ವಕೀಲ ಸಿ.ಎಸ್.ಪಿ. ಆಗಿ ನಿಂತರು. ಸಾಕ್ಷಿಯನ್ನು ಒಂದೊಂದೇ ಪ್ರಶ್ನೆಯಿಂದ ಕಟ್ಟಿಹಾಕುವ ಪಾಟೀಸವಾಲು ನೋಡಲೆಂದೇ ಗಂಡಸರೂ ಟಿ.ವಿ. ಮುಂದೆ ಕೂರುವಂತಾಯಿತು. ಕೋರ್ಟಿನ ಮೆಟ್ಟಿಲು ಹತ್ತದವರಿಗೂ ಅಲ್ಲಿ ವಾದ ನಡೆಯುವುದು ಹೇಗೆಂಬ ಅಂದಾಜು ಸಿಕ್ಕಿತು.

ಯಾವ ಕಂಪನಿ, ಏನು ಮಾಲು?

ಈಗಿನ ಬಹಳಷ್ಟು ಧಾರಾವಾಹಿಗಳ ನಾಯಕ ಕಂಪನಿಯ ಮಾಲೀಕ. ಗಾಜಿನ ಕ್ಯಾಬಿನ್, ಸಹಿಗೆ ಕಾದಿರುವ ಫೈಲು, ಕೋಟಿಗಳ ಡೀಲು. ಆ ಕಂಪನಿ ತಯಾರಿಸುವುದಾದರೂ ಏನು? ಸೋಪೋ, ಸಿಮೆಂಟೋ, ಸೀರೆಯೋ? ಸಾವಿರ ಸಂಚಿಕೆ ನೋಡಿದರೂ ತಿಳಿಯುವುದಿಲ್ಲ. ಕೆಲಸವೇ ಇಲ್ಲದ ಮನೆಯಲ್ಲಿ ಹೊತ್ತು ಕಳೆಯಲು ಉಳಿಯುವುದು ಸಂಚು ಮಾತ್ರ. ಹಾಗಾಗಿ ಹಾಲಿಗೆ ಏನೋ ಬೆರೆಸುವ ಕೈ, ಬಾಗಿಲ ಮರೆಯಲ್ಲಿ ಕದ್ದು ಕೇಳುವ ಕಿವಿ ಮತ್ತೆ ಮತ್ತೆ ಬರುತ್ತವೆ.

ಇದರ ಹಿಂದಿನ ಕಷ್ಟ ನನಗೆ ಅರ್ಥವಾಗುತ್ತದೆ. ವಾರಕ್ಕೆ ಐದಾರು ಸಂಚಿಕೆ ಕೊಡಬೇಕು. ಜಾಹೀರಾತು ಕಳೆದು ಪ್ರತಿ ಸಂಚಿಕೆಗೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ದೃಶ್ಯ ಬೇಕು. ಬಾಡಿಗೆಗೆ ಹಿಡಿದ ಒಂದು ದೊಡ್ಡ ಮನೆಯಲ್ಲೇ ಲೈಟು, ಕ್ಯಾಮೆರಾ ಎಲ್ಲ ನಿಂತಿರುತ್ತವೆ. ಹೊರಗೆ ಹೊರಟರೆ ಅರ್ಧ ದಿನ ಓಡಾಟಕ್ಕೇ ಹೋಗುತ್ತದೆ. ಹಾಲ್‌ನಲ್ಲಿ ಹತ್ತು ಜನರನ್ನು ನಿಲ್ಲಿಸಿ ಒಬ್ಬೊಬ್ಬರ ಮುಖ ತೋರಿಸಿದರೆ ಸಂಚಿಕೆ ತುಂಬುತ್ತದೆ. ಜೊತೆಗೆ ವಾರವಾರವೂ ಬರುವ ಟಿಆರ್‌ಪಿ. ಅಂಕಿ ಇಳಿದರೆ ಕಥೆಯ ದಾರಿಯೇ ಬದಲು.

ಆದರೆ ಕೆಲಸ ತೋರಿಸುವುದಕ್ಕೆ ದುಡ್ಡಿಗಿಂತ ಮನಸ್ಸು ಬೇಕು. 2021ರ ಕೊನೆಯಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ ಮೆಸ್ ನಡೆಸುವ ತಾಯಿ. ಉಮಾಶ್ರೀ ಆ ಪಾತ್ರದಲ್ಲಿ ನಿಂತಾಗ, ಮೂವರು ಹೆಣ್ಣುಮಕ್ಕಳನ್ನು ಸಾಕಿದ್ದು ಈ ಒಲೆಯೇ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 2020ರಲ್ಲಿ ಕಲರ್ಸ್ ಕನ್ನಡದಲ್ಲಿ ಬಂದ ‘ಕನ್ನಡತಿ’ಯ ಭುವಿ ಕನ್ನಡ ಪಾಠ ಹೇಳುವವಳು. ಅವಳ ವೃತ್ತಿಯೇ ಅವಳ ಮಾತಾಯಿತು, ನಡತೆಯಾಯಿತು; ಪದಗಳ ಸರಿಯಾದ ಬಳಕೆ ತಿಳಿಸುವ ಪುಟ್ಟದೊಂದು ಭಾಗವೂ ಆಯಿತು. ಒಂದು ಒಲೆ, ಒಂದು ಕರಿಹಲಗೆ. ಇದಕ್ಕೆ ಬಂಗಲೆಯೂ ಬೇಕಿಲ್ಲ, ವಿದೇಶದ ಚಿತ್ರೀಕರಣವೂ ಬೇಕಿಲ್ಲ. ಒಲೆಯ ಮುಂದೆ ಕೂತವಳಿಗೆ ಮುದ್ದೆ ತೊಳಸುವುದು ಗೊತ್ತಿದ್ದರೆ ಸಾಕು.

ಧಾರಾವಾಹಿ ನೋಡುವವರು ಕೆಲಸವಿಲ್ಲದವರು ಎಂಬ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿದೆ. ಅದು ಸುಳ್ಳು. ಹೂ ಕಟ್ಟುತ್ತ, ಅವರೆಕಾಳು ಸುಲಿಯುತ್ತ, ಬೀಡಿ ಸುತ್ತುತ್ತ, ಗಾರ್ಮೆಂಟ್ಸಿನಿಂದ ಬಂದು ಅನ್ನಕ್ಕಿಡುತ್ತ ನೋಡುವವರು ಅವರು. ಅವರ ಕೈ ಸುಮ್ಮನಿರುವುದಿಲ್ಲ. ತೆರೆಯ ಮೇಲಿನ ಕೈಯೂ ತಮ್ಮ ಕೈಯಂತೆ ದುಡಿಯುವುದನ್ನು ಕಂಡರೆ ಅವರು ಕಥೆಯನ್ನು ತಮ್ಮ ಮನೆಯದೆಂದೇ ಬಗೆಯುತ್ತಾರೆ.

ನಮ್ಮ ಹಜಾರದ ಟಿ.ವಿ.ಯಲ್ಲೇ ಮುಂದೊಮ್ಮೆ ‘ಮಾಲ್ಗುಡಿ ಡೇಸ್’ ಮರುಪ್ರಸಾರದಲ್ಲಿ ಗುಮಾಸ್ತ ವೆಂಕಟರಾಯನ ಕಥೆ ಬಂತು. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದಾನೆ. ಆಫೀಸು ಬಿಡುತ್ತಿಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬರೆದವನು, ಸಂಬಳ ನಲವತ್ತೈದು ರೂಪಾಯಿಗೆ ಏರುತ್ತದೆಂದು ತಿಳಿದು ಕಾಗದ ಹರಿದು ಹಾಕುತ್ತಾನೆ. ರಾತ್ರಿ ಮನೆಗೆ ಬಂದರೆ, ಸಿನಿಮಾಕ್ಕೆಂದು ತೊಟ್ಟ ಫ್ರಾಕು ಬಿಚ್ಚದೆಯೇ ಮಗು ನಿದ್ದೆ ಹೋಗಿದೆ.

ನಮ್ಮ ಮನೆಯಲ್ಲಿ ದೀಪಾವಳಿಗೆ ಊರವರ ಬಟ್ಟೆಯೆಲ್ಲ ಹೊಲಿದು ಮುಗಿದ ಮೇಲೆಯೇ ನನ್ನ ಲಂಗದ ಸರದಿ. ಮಷೀನಿನ ಪಕ್ಕದಲ್ಲಿ ಕಾದು ಕಾದು ಅಲ್ಲೇ ಮಲಗಿಬಿಟ್ಟ ರಾತ್ರಿಗಳು ಎಷ್ಟೋ. ಆ ಮಗು ಮಲಗಿದ್ದನ್ನು ತೋರಿಸಿದಾಗ ನಾನು ಅಮ್ಮನ ಕಡೆ ತಿರುಗಿದೆ. ಸೂಜಿ ಬ್ಲೌಸಿನ ಅಂಚಿನಲ್ಲಿ ಅರ್ಧ ಚುಚ್ಚಿಕೊಂಡು ನಿಂತಿತ್ತು. ಆ ಸಂಚಿಕೆ ಮುಗಿಯುವವರೆಗೂ ಅಮ್ಮ ಅದನ್ನು ಮುಟ್ಟಲಿಲ್ಲ.