ಭೀಮೆಯ ಗುಂಟ ಬಂದ ನೋಟ

ಮಣ್ಣು ತುಳಿಯುತ್ತ ವಿಠ್ಠಲನ ನಾಮದಲ್ಲಿ ಮೈಮರೆತ ಕುಂಬಾರ ಗೋರ, ಅಂಬೆಗಾಲಿಟ್ಟು ಬಂದ ತನ್ನ ಕೂಸನ್ನೇ ತುಳಿದುಬಿಡುತ್ತಾನೆ. ಹುಣಸೂರು ಕೃಷ್ಣಮೂರ್ತಿಯವರ ‘ಭಕ್ತ ಕುಂಬಾರ’ದ (1974) ಆ ದೃಶ್ಯಕ್ಕೆ ಟೆಂಟಿನ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದೆ. ಅಫಜಲಪುರ ಸೀಮೆಯ ನಮ್ಮ ಆಯಿ ತಲೆ ಸವರಿ, ‘ಅಳಬ್ಯಾಡ ತಮ್ಮಾ, ಕೂಸು ಹೊಳ್ಳಿ ಬರ್ತದ’ ಅಂದಳು. ಆ ಪಿಚ್ಚರ್ ಅವಳೂ ನೋಡುತ್ತಿದ್ದುದು ಅದೇ ಮೊದಲು.

ಕತೆ ಅವಳಿಗೆ ಭಜನೆಯಿಂದ ಗೊತ್ತಿತ್ತು. ಪಂಢರಪುರದಲ್ಲಿ ಚಂದ್ರಭಾಗಾ ಅನ್ನಿಸಿಕೊಳ್ಳುವ ಭೀಮಾ ಹೊಳೆಯೇ ಅಫಜಲಪುರದ ಕಡೆ ಹರಿದು ಬರುತ್ತದೆ. ಆಳಂದ ಸೀಮೆಯ ಅಮರ್ಜಾ ದೇವಲ ಗಾಣಗಾಪುರದಲ್ಲಿ ಅದನ್ನು ಕೂಡುತ್ತದೆ. ಮುಂದೆ ಜೇವರ್ಗಿ. ಗೋರನ, ಅಂದರೆ ನಮ್ಮವರ ಗೋರೋಬಾನ, ಊರು ತೇರ್ ಇರುವುದು ಆಳಂದಕ್ಕೆ ತಾಗಿದ ಧಾರಾಶಿವ ಜಿಲ್ಲೆಯಲ್ಲಿ. ಆಷಾಢ ಏಕಾದಶಿಗೆ ದಿಂಡಿ ಹಿಡಿದು ಪಂಢರಪುರಕ್ಕೆ ನಡೆದವರು ಗೋರೋಬಾ, ನಾಮದೇವ, ತುಕಾರಾಮರನ್ನು ಮನೆಮಾತು ಮಾಡಿದ್ದರು.

ಸಿನಿಮಾ ಬಂದದ್ದು ಆಮೇಲೆ. ಪುಣೆಯ ಪ್ರಭಾತ್ ಕಂಪನಿ 1936ರಲ್ಲಿ ಮರಾಠಿ ‘ಸಂತ ತುಕಾರಾಮ’ ತೆಗೆಯಿತು. ಮರುವರ್ಷ ಅದು ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ತುಕಾರಾಮನಾದ ವಿಷ್ಣುಪಂತ ಪಾಗನೀಸರನ್ನು ಜನ ಸಂತನೆಂದೇ ಕಂಡರು. ಆಗ ಅಫಜಲಪುರ, ಆಳಂದ, ಜೇವರ್ಗಿ ಈ ನಮ್ಮ ಮೂರೂ ತಾಲ್ಲೂಕುಗಳು ನಿಜಾಮರ ಆಳಿಕೆಯಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. 1963ರಲ್ಲಿ ರಾಜಕುಮಾರ್ ಕನ್ನಡದಲ್ಲಿ ತುಕಾರಾಮನಾದರು, ಹನ್ನೊಂದು ವರ್ಷಕ್ಕೆ ಗೋರನಾದರು. ನಮ್ಮ ಕಡೆಯವರಿಗೆ ಅದು ಬೆಂಗಳೂರಿನಿಂದ ಬಂದ ಕತೆಯಲ್ಲ, ಹೊಳೆಯ ಮ್ಯಾಲಿನಿಂದ ಬಂದ ಸ್ವಂತ ಕತೆ.

ತೆರೆಗೆ ಕೈಮುಗಿಯುವವರನ್ನು ‘ಮುಗ್ಧ ಪ್ರೇಕ್ಷಕರು’ ಎಂದು ಬರೆದುಬಿಡುತ್ತೇವೆ. ಆ ಮಾತು ತಪ್ಪು. ಕೊನೆ ಗೊತ್ತಿದ್ದವರಿಗೆ ಮುಂದೇನಾಗುತ್ತದೆ ಎಂಬ ಆತಂಕವಿಲ್ಲ. ಆ ಗಳಿಗೆ ಹೇಗೆ ಬರುತ್ತದೆಂದು ಮೈಯೆಲ್ಲ ಕಣ್ಣಾಗಿ ಕಾಯುತ್ತಾರೆ. ಕೈಗಳನ್ನು ಕಳೆದುಕೊಂಡ ಗೋರನಿಗೆ ಅವು ತಿರುಗಿ ಬಂದಾಗ ಕೈಮುಗಿದ ಆಯಿ, ಮನೆಗೆ ನಡೆಯುವ ದಾರಿಯಲ್ಲಿ ಓಣಿಯ ಕುಂಬಾರಗಿತ್ತಿಯ ಕೂಡ ವಾದಕ್ಕೆ ನಿಂತಿದ್ದಳು: ಮಣ್ಣು ಹಂಗ ತುಳಿದರ ಹದಕ್ಕ ಬರ್ತದೇನು? ಭಕ್ತಿಯೂ ಪರೀಕ್ಷೆಯೂ ಒಂದೇ ಕಣ್ಣಿನಲ್ಲಿದ್ದವು. ಇಷ್ಟು ಎಚ್ಚರದಿಂದ ಸಿನಿಮಾ ನೋಡಿದವರನ್ನು ನಾನು ಆಮೇಲೆ ಕಂಡದ್ದು ಕಡಿಮೆ.

ಟೆಂಟುಗಳು ಹೋದವು. ಅಲ್ಲಿ ಕೂತು ನೋಡಿದವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಯಾವ ದೃಶ್ಯಕ್ಕೆ ಅತ್ತಿರಿ, ಯಾವುದಕ್ಕೆ ಬೈದಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.