‘ರಿವರ್ಸ್ ಆಫ್ ಬ್ಯಾಬಿಲಾನ್’ ಹಾಡಿನ ನಿಜವಾದ ಅರ್ಥವೇನು?

ಬೋನಿ ಎಂ ತಂಡ 1978ರಲ್ಲಿ ಮನೆಮಾತಾಗಿಸಿದ ಈ ಗೀತೆಯನ್ನು ನದಿತೀರದ ಉಲ್ಲಾಸದ ಹಾಡೆಂದು ತಿಳಿದು ಕುಣಿದವರು ಬಹಳ. ಡಿಸ್ಕೊ ತಾಳದ ಅಡಿಯಲ್ಲಿರುವುದು ಮಾತ್ರ ಸೆರೆಯಾಳುಗಳ ಅಳಲು. ಸಾಹಿತ್ಯದ ಬಹುಭಾಗ ಬೈಬಲಿನ 137ನೇ ಕೀರ್ತನೆಯದು. ಪ್ರಾರ್ಥನೆಯ ಭಾಗ 19ನೆಯದು.

ಕ್ರಿ.ಪೂ. ಆರನೆಯ ಶತಮಾನದಲ್ಲಿ ಬ್ಯಾಬಿಲಾನಿನ ಅರಸ ನೆಬೂಕದ್ನೆಚ್ಚರನ ಸೇನೆ ಜೆರುಸಲೇಮಿನ ದೇವಾಲಯವನ್ನು ಕೆಡವಿ, ಯೆಹೂದ್ಯರನ್ನು ಬ್ಯಾಬಿಲಾನಿಗೆ ಸಾಗಿಸಿತು. ಕೀರ್ತನೆಯಲ್ಲಿ, ಸೆರೆಹಿಡಿದವರು ತಮ್ಮ ವಿನೋದಕ್ಕಾಗಿ ಚೀಯೋನಿನ, ಅಂದರೆ ಜೆರುಸಲೇಮಿನ, ಹಾಡು ಹೇಳಿರೆಂದು ಪೀಡಿಸುತ್ತಾರೆ. ದೇಶ ಕಳೆದುಕೊಂಡವರು ವಾದ್ಯಗಳನ್ನು ಮರಕ್ಕೆ ತೂಗುಹಾಕಿ ಅಳುತ್ತಾರೆ. ಲೋಕಸಾಹಿತ್ಯದಲ್ಲಿ ಗಡಿಪಾರಿನ ನೋವನ್ನು ಇಷ್ಟು ಆಳವಾಗಿ ಹಿಡಿದ ರಚನೆಗಳು ವಿರಳ.

ಗೀತೆಯನ್ನು ಮೊದಲು ಹಾಡಿದ್ದು ಜಮೈಕಾದ ಮೆಲೋಡಿಯನ್ಸ್ ತಂಡ, 1970ರಲ್ಲಿ. ಅಲ್ಲಿನ ರಾಸ್ತಫಾರಿ ನಂಬಿಕೆಯವರಿಗೆ ಬ್ಯಾಬಿಲಾನ್ ಎಂದರೆ ದಬ್ಬಾಳಿಕೆಯ ವ್ಯವಸ್ಥೆ. ಚೀಯೋನ್ ಎಂದರೆ ಆಫ್ರಿಕ, ಅದರಲ್ಲೂ ಇಥಿಯೋಪಿಯ. ಗುಲಾಮರಾಗಿ ಹಡಗೇರಿಸಲ್ಪಟ್ಟ ಪೂರ್ವಜರ ಕತೆಯನ್ನೇ ಅವರು ಈ ಕೀರ್ತನೆಯಲ್ಲಿ ಕಂಡರು. ಮೆಲೋಡಿಯನ್ಸ್ ಹಾಡಿನಲ್ಲಿ ದೇವರನ್ನು ಕರೆದದ್ದು ಅವರು ದೈವವೆಂದು ನಂಬುವ ಇಥಿಯೋಪಿಯದ ಹೈಲೆ ಸೆಲಾಸಿ ಚಕ್ರವರ್ತಿಯನ್ನು ಸೂಚಿಸುವ ಬಿರುದಿನಿಂದ. ಬೋನಿ ಎಂ ಅದನ್ನು ಕೈಬಿಟ್ಟಿತು. ಹಾಡಿನ ಹಿನ್ನೆಲೆ ಕೇಳುಗರಿಗೆ ಮರೆಯಾಗಲು ಇದೂ ಒಂದು ಕಾರಣ. ಕೀರ್ತನೆಯ ಕೊನೆಗೆ ಬರುವ ಸೇಡಿನ ಘೋರ ಸಾಲುಗಳು ಎರಡು ತಂಡಗಳ ಹಾಡಿನಲ್ಲೂ ಇಲ್ಲ.